ಮೂರು ವರ್ಷಕ್ಕೆಂದು ಹೋದ ವೈದ್ಯೆ: ಡಾ. ಕ್ಯಾಥರೀನ್ ಹ್ಯಾಮ್ಲಿನ್

(ಮೇ 23ರಂದು ಕುಮಟಾದಲ್ಲಿ ಶುಶ್ರೂಷಕಿಯರು, ಆಶಾ ಕಾರ್ಯಕರ್ತೆಯರು ಮತ್ತು ಕಾಲೇಜು ವಿದ್ಯಾರ್ಥಿನಿಯರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೇ 23ನ್ನು ವಿಶ್ವಸಂಸ್ಥೆ 2013ರಿಂದ ಹೆರಿಗೆಯ ಫಿಸ್ಟುಲಾ ನಿವಾರಣೆಯ ದಿನವಾಗಿ ಆಚರಿಸುತ್ತಿದೆ. ಕ್ಯಾನ್ಸರ್ ದಿನ, ಏಡ್ಸ್ ದಿನ ನಮಗೆಲ್ಲ ಗೊತ್ತು. ಈ ದಿನದ ಸುದ್ದಿ ಮಾತ್ರ ನಮ್ಮ ಆಸ್ಪತ್ರೆಗಳ ಗೋಡೆಯ ಮೇಲೂ ಕಾಣುವುದಿಲ್ಲ. ಈ ಕಾಯಿಲೆ ಬಂದವರು ಬೀದಿಗೆ ಬಂದು ಕೂಗುವವರಲ್ಲ, ಮನೆಯ ಹಿಂದಿನ ಕೋಣೆಯಲ್ಲಿ ಇದ್ದುಬಿಡುವವರು. ಅಂಥವರಿಗಾಗಿ ಅರವತ್ತು ವರ್ಷ ಪರದೇಶದಲ್ಲಿ ಬದುಕಿದ ಒಬ್ಬ ಶಸ್ತ್ರವೈದ್ಯೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ಅದಕ್ಕೂ ಮೊದಲು ಕಾಯಿಲೆ ಏನು ಅಂತ ಹೇಳಬೇಕು. ಮುಂದೆ ಕುಳಿತ ವಿದ್ಯಾರ್ಥಿನಿಯರು ಮುಜುಗರ ಪಟ್ಟುಕೊಳ್ಳಬೇಡಿ. ಆ ಮುಜುಗರದಿಂದಲೇ ಎಷ್ಟೋ ಹೆಂಗಸರು ಒಳಗೊಳಗೇ ಸವೆದುಹೋಗಿದ್ದಾರೆ.

ಹೆರಿಗೆ ಬೇನೆ ಶುರುವಾಗಿ, ಮಗುವಿನ ತಲೆ ಇಳಿಯದೆ ಸಿಕ್ಕಿಕೊಂಡಿತು ಎಂದಿಟ್ಟುಕೊಳ್ಳಿ. ತಾಯಿಯ ಕಟಿಯ ಎಲುಬು ಕಿರಿದಾಗಿರಬಹುದು, ಮಗು ಅಡ್ಡ ತಿರುಗಿರಬಹುದು. ಆಸ್ಪತ್ರೆ ಹತ್ತಿರವಿದ್ದರೆ ಕೆಲವೇ ತಾಸಿನಲ್ಲಿ ಸಿಸೇರಿಯನ್ ಆಗುತ್ತದೆ, ತಾಯಿ ಮಗು ಇಬ್ಬರೂ ಉಳಿಯುತ್ತಾರೆ. ಆಸ್ಪತ್ರೆ ಇಲ್ಲದಿದ್ದರೆ ಬೇನೆ ಎರಡು ದಿನ, ಮೂರು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ನಡೆಯುತ್ತದೆ. ಅಷ್ಟೂ ಹೊತ್ತು ಮಗುವಿನ ತಲೆ ಮತ್ತು ತಾಯಿಯ ಎಲುಬಿನ ನಡುವೆ ಮೂತ್ರಕೋಶ, ಯೋನಿಯ ಮೆದು ಪದರ ಒತ್ತಿಹೋಗಿರುತ್ತವೆ. ಅಲ್ಲಿಗೆ ರಕ್ತ ಹರಿಯುವುದಿಲ್ಲ. ರಕ್ತ ಸಿಗದ ಮಾಂಸ ಸಾಯುತ್ತದೆ. ಮಗು ಬಹುಮಟ್ಟಿಗೆ ಸತ್ತೇ ಹುಟ್ಟುತ್ತದೆ. ಕೆಲವು ದಿನ ಕಳೆದ ಮೇಲೆ ಸತ್ತ ಪದರ ಉದುರಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬೀಳುತ್ತದೆ. ಈ ತೂತೇ ಫಿಸ್ಟುಲಾ. ಕೆಲವರಲ್ಲಿ ಮಲದ ದಾರಿಗೂ ತೂತಾಗುತ್ತದೆ. ಆಮೇಲೆ ಮೂತ್ರ ನಿಲ್ಲುವುದೇ ಇಲ್ಲ. ಹಗಲೂ ರಾತ್ರಿ, ನಿಂತರೂ ಮಲಗಿದರೂ ಸೋರುತ್ತಲೇ ಇರುತ್ತದೆ. ಕಾಲಿನ ನರ ಒತ್ತಿಹೋಗಿದ್ದರೆ ಪಾದ ಎತ್ತಲಾಗದೆ ಎಳೆದುಕೊಂಡು ನಡೆಯಬೇಕು. ಸೋರಿಕೆ ಕಡಿಮೆಯಾಗಲಿ ಅಂತ ಆಕೆ ನೀರು ಕುಡಿಯುವುದನ್ನು ಬಿಡುತ್ತಾಳೆ. ಆಗ ಮೂತ್ರ ಇನ್ನಷ್ಟು ಗಾಢವಾಗಿ ತೊಡೆಯ ಚರ್ಮ ಸುಟ್ಟಹಾಗೆ ಆಗುತ್ತದೆ, ವಾಸನೆ ಹೆಚ್ಚುತ್ತದೆ. ಗಂಡ ಬಿಡುತ್ತಾನೆ. ಊರು ಅದನ್ನು ಶಾಪ ಅನ್ನುತ್ತದೆ.

ಮಗು ಹೋಯಿತು, ಗಂಡ ಹೋದ, ಮೈಮೇಲಿನ ಹಿಡಿತವೂ ಹೋಯಿತು. ಆಕೆಗೆ ಬಹಳ ಸಲ ಇನ್ನೂ ಇಪ್ಪತ್ತು ತುಂಬಿರುವುದಿಲ್ಲ. ಜಗತ್ತಿನಲ್ಲಿ ಪ್ರತಿ ವರ್ಷ 50,000ದಿಂದ 1,00,000 ಹೆಂಗಸರಿಗೆ ಹೀಗಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈಗ ಕ್ಯಾಥರೀನ್ ಅವರ ವಿಷಯಕ್ಕೆ ಬರುತ್ತೇನೆ. ಎಲಿನೋರ್ ಕ್ಯಾಥರೀನ್ ನಿಕೋಲ್ಸನ್ ಹುಟ್ಟಿದ್ದು 1924ರ ಜನವರಿ 24ರಂದು, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ಅನುಕೂಲಸ್ಥ ಮನೆತನ, ದೈವಭಕ್ತಿಯ ವಾತಾವರಣ. 1946ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಆಮೇಲೆ ಕ್ರೌನ್ ಸ್ಟ್ರೀಟ್ ಮಹಿಳಾ ಆಸ್ಪತ್ರೆಗೆ ಸೇರಿದರು. ಅಲ್ಲಿ ಮೇಲಧಿಕಾರಿಯಾಗಿದ್ದ ನ್ಯೂಜಿಲೆಂಡಿನ ಡಾ. ರೆಜಿನಾಲ್ಡ್ ಹ್ಯಾಮ್ಲಿನ್ ಅವರನ್ನು 1950ರಲ್ಲಿ ಮದುವೆಯಾದರು. ಒಬ್ಬ ಮಗ, ರಿಚರ್ಡ್. ಮುಂದೆ ಇಬ್ಬರೂ ಲಂಡನ್ನಿನಲ್ಲಿ, ಹಾಂಕಾಂಗಿನಲ್ಲಿ ಕೆಲಸ ಮಾಡಿದ್ದೂ ಉಂಟು. ಅಷ್ಟರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಜಾಹೀರಾತು ಕಂಡಿತು: ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದಲ್ಲಿ ಸೂಲಗಿತ್ತಿಯರ ಶಾಲೆ ಶುರುಮಾಡಲು ಸ್ತ್ರೀರೋಗ ತಜ್ಞರು ಬೇಕು. ಕರಾರು ಮೂರು ವರ್ಷದ್ದು. 1959ರಲ್ಲಿ ಚಿಕ್ಕ ಮಗನನ್ನು ಕರೆದುಕೊಂಡು ಗಂಡ ಹೆಂಡತಿ ಅಲ್ಲಿಗೆ ಬಂದಿಳಿದರು.

ಅವರು ಕೆಲಸಕ್ಕೆ ಸೇರಿದ್ದು ರಾಜಕುಮಾರಿ ತ್ಸೆಹಾಯ್ ಸ್ಮಾರಕ ಆಸ್ಪತ್ರೆಗೆ. ತ್ಸೆಹಾಯ್ ಚಕ್ರವರ್ತಿ ಹೈಲೆ ಸೆಲಾಸಿಯ ಮಗಳು. ಲಂಡನ್ನಿನಲ್ಲಿ ದಾದಿಯ ತರಬೇತಿ ಪಡೆದವಳು. 1942ರಲ್ಲಿ ಹೆರಿಗೆಯ ತೊಡಕಿನಿಂದಲೇ ತೀರಿಕೊಂಡಳು. ದೇಶದ ದೊರೆಯ ಮಗಳು, ಮೇಲಾಗಿ ತಾನೇ ಕಲಿತ ದಾದಿ. ಅವಳಿಗೇ ಹಾಗಾದರೆ, ರಸ್ತೆ ಸೇರಲು ಒಂದೆರಡು ದಿನ ನಡೆಯಬೇಕಾದ ಗುಡ್ಡಗಾಡಿನ ಹುಡುಗಿಯ ಪಾಡು ಹೇಗಿದ್ದೀತು?

ಹ್ಯಾಮ್ಲಿನ್ ದಂಪತಿಗೆ ಅದರ ಉತ್ತರ ಆಸ್ಪತ್ರೆಯ ಬಾಗಿಲಲ್ಲೇ ಸಿಕ್ಕಿತು. ಫಿಸ್ಟುಲಾ ರೋಗಿಗಳು ದೂರ ದೂರದಿಂದ ಬರುತ್ತಿದ್ದರು. ವಾಸನೆಗೆ ಬಸ್ಸಿನಿಂದ ಇಳಿಸಲ್ಪಟ್ಟವರಿದ್ದರು, ಭಿಕ್ಷೆ ಬೇಡಿ ದುಡ್ಡು ಕೂಡಿಸಿಕೊಂಡು ಬಂದವರಿದ್ದರು. ಈ ಇಬ್ಬರು ವೈದ್ಯರೋ, ಅಲ್ಲಿಯವರೆಗೆ ಒಂದೇ ಒಂದು ಹೆರಿಗೆಯ ಫಿಸ್ಟುಲಾ ಕಂಡವರಲ್ಲ. ಅವರ ದೇಶದಲ್ಲಿ ಅದು ಹಳೆಯ ಪುಸ್ತಕದ ಕಾಯಿಲೆ ಆಗಿಹೋಗಿತ್ತು. ಪುಸ್ತಕ, ಚಿತ್ರಗಳನ್ನು ತರಿಸಿಕೊಂಡು ಓದಿದರು. ಅದರಲ್ಲಿ ಅವರಿಗೆ ಹೆಚ್ಚು ನೆರವಾದದ್ದು ಈಜಿಪ್ಟಿನ ಹಿರಿಯ ಪ್ರಸೂತಿ ತಜ್ಞ ನಗೀಬ್ ಮಹಫೂಜ್ ಪಾಶಾ ಅವರ ಕೆಲಸ. (1988ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದ ಈಜಿಪ್ಟಿನ ಲೇಖಕ ಹುಟ್ಟುವಾಗ ಕಷ್ಟದ ಹೆರಿಗೆ ಮಾಡಿಸಿದವರು ಇದೇ ವೈದ್ಯರು. ಆ ಕೃತಜ್ಞತೆಗೆ ತಂದೆತಾಯಿ ಮಗುವಿಗೆ ಅವರ ಹೆಸರನ್ನೇ ಇಟ್ಟರು.) ಓದಿ, ಒಬ್ಬರಿಗೊಬ್ಬರು ನೆರವಾಗುತ್ತ ಶಸ್ತ್ರಕ್ರಿಯೆ ಮಾಡಿದರು. ತೂತು ಮುಚ್ಚಿತು. ಸುದ್ದಿ ಹಳ್ಳಿಯಿಂದ ಹಳ್ಳಿಗೆ ನಡೆದುಹೋಯಿತು. ಬರುವವರ ಸಾಲು ಬೆಳೆಯಿತು.

ಈ ಶಸ್ತ್ರಕ್ರಿಯೆ ಬಗ್ಗೆ ನಾಲ್ಕು ಮಾತು. ಇದಕ್ಕೆ ದೊಡ್ಡ ಯಂತ್ರ ಬೇಡ. ಬೆನ್ನಿಗೆ ಚುಚ್ಚುಮದ್ದು, ಒಳ್ಳೆಯ ಬೆಳಕು, ಸಪೂರ ಕತ್ತರಿ, ಹೊಲಿಗೆಯ ದಾರ, ಒಂದು ಕ್ಯಾತಿಟರ್ (ಮೂತ್ರ ಹೊರಗೆ ಹರಿಸುವ ಕೊಳವೆ) ಸಾಕು. ಬೇಕಾದದ್ದು ಕೈ ಮತ್ತು ತಾಳ್ಮೆ. ಗಾಯದ ಕಲೆಯಿಂದ ಬಿಗಿದುಕೊಂಡ ಪದರಗಳನ್ನು ಮೆಲ್ಲಗೆ ಬಿಡಿಸಬೇಕು, ಮೂತ್ರನಾಳದ ಬಾಯಿ ಎಲ್ಲಿದೆ ಅಂತ ಹುಡುಕಬೇಕು, ಎಳೆತ ಬೀಳದಂತೆ ಅಂಚುಗಳನ್ನು ಕೂಡಿಸಬೇಕು. ಸ್ವಲ್ಪ ಎಳೆದು ಹೊಲಿದರೂ ವಾರದಲ್ಲಿ ಬಿಟ್ಟುಕೊಳ್ಳುತ್ತದೆ. ಆಪರೇಷನ್ ಆದಮೇಲೆ ಎರಡು ವಾರದಷ್ಟು ಕಾಲ ಕ್ಯಾತಿಟರ್ ಕಟ್ಟಿಕೊಳ್ಳದಂತೆ ಹಗಲೂ ರಾತ್ರಿ ಕಾಯಬೇಕು. ಮೂತ್ರಕೋಶ ತುಂಬಿದರೆ ಹೊಲಿಗೆ ಬಿಚ್ಚಿತು ಅಂತಲೇ ಲೆಕ್ಕ. ಹಾಗಾಗಿ ಗೆಲುವಿನಲ್ಲಿ ಅರ್ಧ ಶಸ್ತ್ರವೈದ್ಯರದು, ಇನ್ನರ್ಧ ರಾತ್ರಿಪಾಳಿಯ ದಾದಿಯದು. ಇಲ್ಲಿ ಕುಳಿತ ಸಿಸ್ಟರ್‌ಗಳಿಗೆ ಇದನ್ನು ಗಟ್ಟಿಯಾಗಿ ಹೇಳಬೇಕೆಂದೇ ಬಂದಿದ್ದೇನೆ.

ಆ ಆಸ್ಪತ್ರೆಗೆ ಬಂದವರಲ್ಲಿ ಒಬ್ಬಳು ಮಾಮಿಟು ಗಾಶೆ. 1960ರ ದಶಕದ ಆರಂಭ. ಅವಳಿಗೆ ಹದಿನಾರರ ಆಸುಪಾಸು. ದೂರದ ಹಳ್ಳಿ, ಓದುಬರಹ ಇಲ್ಲ. ದಿನಗಟ್ಟಲೆ ಬೇನೆ ತಿಂದು ಮಗು ಸತ್ತು ಹುಟ್ಟಿತ್ತು, ಒಳಗೆ ತೀವ್ರವಾದ ಗಾಯ. ಹ್ಯಾಮ್ಲಿನ್ ದಂಪತಿ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಿದರೂ ಪೂರ್ತಿ ಗುಣವಾಗಲಿಲ್ಲ. ಊರಿಗೆ ಹೋಗಲಾಗದೆ ಅಲ್ಲೇ ಉಳಿದಳು. ಮೊದಲು ಹಾಸಿಗೆ ಸರಿಮಾಡುತ್ತಿದ್ದಳು, ಹೊಸದಾಗಿ ಬಂದ ಹುಡುಗಿಯರ ಪಕ್ಕ ಕುಳಿತು ಸಮಾಧಾನ ಹೇಳುತ್ತಿದ್ದಳು. ಆಮೇಲೆ ಆಪರೇಷನ್ ಕೋಣೆಯಲ್ಲಿ ಉಪಕರಣ ಕೊಡುವ ಕೆಲಸ ಸಿಕ್ಕಿತು. ಅವಳ ಕಣ್ಣು ಚುರುಕು, ಕೈ ಸ್ಥಿರ. ಡಾ. ರೆಜಿನಾಲ್ಡ್ (ರೆಜ್) ಅವಳ ಕೈ ಹಿಡಿದು ಹೊಲಿಗೆ ಕಲಿಸಿದರು. ವರ್ಷಗಳು ಉರುಳಿದ ಹಾಗೆ ಮಾಮಿಟು ತಾನೇ ಫಿಸ್ಟುಲಾ ಶಸ್ತ್ರಕ್ರಿಯೆ ಮಾಡತೊಡಗಿದಳು. ಪದವಿ ಪಡೆದ ವೈದ್ಯರು ಬೇರೆ ಬೇರೆ ದೇಶಗಳಿಂದ ಬಂದು ಅವಳ ಎದುರು ನಿಂತು ಕಲಿತುಹೋದರು. 1989ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಹ್ಯಾಮ್ಲಿನ್ ದಂಪತಿಯ ಜತೆಗೆ ಮಾಮಿಟುವಿಗೂ ಚಿನ್ನದ ಪದಕ ಕೊಟ್ಟು ಗೌರವಿಸಿತು.

ಶಾಲೆಯ ಮೆಟ್ಟಿಲು ಹತ್ತದವಳು ವೈದ್ಯರಿಗೆ ಪಾಠ ಮಾಡಿದಳು ಅಂದಾಗ ಇಲ್ಲಿ ಕೆಲವರು ಹುಬ್ಬೇರಿಸಿದ್ದನ್ನು ನೋಡಿದೆ. ಪದವಿ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ. ಕ್ಯಾಥರೀನ್ ತನ್ನ ರೋಗಿಗಳನ್ನು ಕರುಣೆಯ ಪಾತ್ರಗಳಾಗಿ ಇಟ್ಟುಕೊಳ್ಳಲಿಲ್ಲ. ಅವರಿಗೆ ಕೆಲಸ ಕಲಿಸಿದರು, ಸಂಬಳ ಕೊಟ್ಟರು, ಜವಾಬ್ದಾರಿ ಹೊರಿಸಿದರು. ಅವರ ಆಸ್ಪತ್ರೆಯ ವಾರ್ಡುಗಳಲ್ಲಿ ಆರೈಕೆ ಮಾಡುತ್ತಿದ್ದ ಸಹಾಯಕಿಯರಲ್ಲಿ ಬಹಳಷ್ಟು ಮಂದಿ ಹಿಂದೆ ಅಲ್ಲೇ ರೋಗಿಗಳಾಗಿದ್ದವರು. ಹೊಸದಾಗಿ ಬಂದ ಹುಡುಗಿ ನಾಚಿ ಮುದುಡಿ ಕುಳಿತಾಗ, ‘ನನಗೂ ಹೀಗೇ ಆಗಿತ್ತು’ ಅಂತ ಹೇಳಬಲ್ಲ ಒಬ್ಬಳು ಪಕ್ಕದಲ್ಲಿ ಇರುತ್ತಿದ್ದಳು. ಯಾವ ಮದ್ದು ಇದಕ್ಕೆ ಸಮ?

1974ರಲ್ಲಿ ಫಿಸ್ಟುಲಾ ರೋಗಿಗಳಿಗೇ ಮೀಸಲಾದ ಆಸ್ಪತ್ರೆ ಆಡಿಸ್ ಅಬಾಬಾದಲ್ಲಿ ತಲೆ ಎತ್ತಿತು. ಅದೇ ವರ್ಷ ಚಕ್ರವರ್ತಿಯನ್ನು ಇಳಿಸಿ ಸೈನಿಕರು ಅಧಿಕಾರ ಹಿಡಿದರು. ಮುಂದಿನ ಹದಿನೇಳು ವರ್ಷ ಭೀತಿಯ ಕಾಲ. ಹತ್ಯೆಗಳು, ಯುದ್ಧ, 1984–85ರ ಭೀಕರ ಬರಗಾಲ. ವಿದೇಶಿಯರು ಗುಂಪುಗುಂಪಾಗಿ ದೇಶ ಬಿಟ್ಟರು. ಈ ಇಬ್ಬರು ಬಿಡಲಿಲ್ಲ. ಆಸ್ಪತ್ರೆಯ ಚಿಕಿತ್ಸೆ ಉಚಿತ, ದುಡ್ಡು ಬರುತ್ತಿದ್ದದ್ದು ದಾನಿಗಳಿಂದ. ಗುಣವಾಗಿ ಹೊರಡುವ ಪ್ರತಿ ಹೆಣ್ಣಿಗೂ ಒಂದು ಹೊಸ ಉಡುಪು ಕೊಟ್ಟು ಕಳಿಸುತ್ತಿದ್ದರು. ವರ್ಷಗಟ್ಟಲೆ ಒದ್ದೆ ಬಟ್ಟೆಯಲ್ಲೇ ಇದ್ದವಳಿಗೆ ಒಣಗಿದ ಹೊಸ ಬಟ್ಟೆ ಉಟ್ಟು ಊರಿಗೆ ಹೋಗುವುದು ಎಂದರೆ ಏನು ಅಂತ ಬಾಣಂತಿತನ ಕಂಡ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1993ರಲ್ಲಿ ರೆಜ್ ತೀರಿಕೊಂಡರು. ಕ್ಯಾಥರೀನ್‌ಗೆ ಆಗ ಅರವತ್ತೊಂಬತ್ತು. ಮೂಲದೇಶಕ್ಕೆ ಮರಳಲು ಅದಕ್ಕಿಂತ ನ್ಯಾಯವಾದ ಕಾರಣ ಬೇಕಿರಲಿಲ್ಲ. ಆದರೆ ಅವರ ಬದುಕಿನ ಅತಿ ದೊಡ್ಡ ಕಟ್ಟೋಣ ನಡೆದದ್ದು ಆಮೇಲೆಯೇ. ಬಹಿರ್ ದಾರ್, ಮೆಕೆಲೆ, ಯಿರ್ಗಾಲೆಮ್, ಹರಾರ್, ಮೆಟು, ಹೀಗೆ ದೇಶದ ಐದು ಕಡೆ ಫಿಸ್ಟುಲಾ ಕೇಂದ್ರಗಳಾದವು. ರೋಗಿ ರಾಜಧಾನಿಗೆ ಬರುವ ಬದಲು ಆಸ್ಪತ್ರೆಯೇ ಅವಳ ಹತ್ತಿರ ಹೋಯಿತು. ಶಸ್ತ್ರಕ್ರಿಯೆಯಿಂದಲೂ ಪೂರ್ತಿ ವಾಸಿಯಾಗದವರಿಗೆ ದೆಸ್ತಾ ಮೆಂದೆರ್ ಎಂಬ ಊರಿನಂಥ ವಸತಿ ಎದ್ದಿತು, ಅಲ್ಲಿ ತೋಟ, ದನ, ಕಸುಬು ಎಲ್ಲ ಇತ್ತು. ತೊಂಬತ್ತು ದಾಟಿದ ಮೇಲೂ ಕ್ಯಾಥರೀನ್ ಆಪರೇಷನ್ ಕೋಣೆಗೆ ಹೋಗುತ್ತಿದ್ದರು. 2009ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2012ರಲ್ಲಿ ಇಥಿಯೋಪಿಯಾ ಗೌರವ ಪೌರತ್ವ ಕೊಟ್ಟಿತು. 2020ರ ಮಾರ್ಚ್ 18ರಂದು ಆಸ್ಪತ್ರೆಯ ಆವರಣದಲ್ಲಿದ್ದ ತಮ್ಮ ಮನೆಯಲ್ಲೇ ತೀರಿಕೊಂಡರು. ತೊಂಬತ್ತಾರು ವರ್ಷ. ಅಷ್ಟರಲ್ಲಿ ಆ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ ಹೆಂಗಸರ ಸಂಖ್ಯೆ 60,000 ದಾಟಿತ್ತು.

ಇಷ್ಟಾದರೂ ಅವರು ಮಾಡಿದ ಶಸ್ತ್ರಕ್ರಿಯೆಗಳಿಗಿಂತ 2007ರಲ್ಲಿ ಆರಂಭಿಸಿದ ಸೂಲಗಿತ್ತಿಯರ ಕಾಲೇಜೇ ದೊಡ್ಡದು ಅಂತ ನನಗೆ ಅನಿಸುತ್ತದೆ. ಹೊಲಿಗೆ ಹಾಕುತ್ತ ಹೋದರೆ ಸಾಲು ಮುಗಿಯುವುದಿಲ್ಲ, ತೂತು ಬೀಳದಂತೆ ನೋಡಬೇಕು ಎಂಬುದು ಅವರಿಗೆ ಅರ್ಥವಾಗಿತ್ತು. ಹಳ್ಳಿಗಾಡಿನ ಹುಡುಗಿಯರನ್ನೇ ಆಯ್ದು, ನಾಲ್ಕು ವರ್ಷ ಪದವಿ ಓದಿಸಿ, ಅವರ ಸೀಮೆಯ ಆರೋಗ್ಯ ಕೇಂದ್ರಗಳಿಗೇ ವಾಪಸು ಕಳಿಸುವ ಕ್ರಮ ಅದು. ಬೇನೆ ಹಿಡಿದುಕೊಂಡಿತು, ಮಗು ಇಳಿಯುತ್ತಿಲ್ಲ, ಇನ್ನು ಇಲ್ಲಿಟ್ಟುಕೊಳ್ಳಬಾರದು ಅಂತ ಹೊತ್ತಿಗೆ ಸರಿಯಾಗಿ ಗುರುತಿಸಿ ದೊಡ್ಡ ಆಸ್ಪತ್ರೆಗೆ ಹೊರಡಿಸಬಲ್ಲ ಒಬ್ಬಳು ಹಳ್ಳಿಯಲ್ಲಿದ್ದರೆ ಫಿಸ್ಟುಲಾ ಆಗುವುದೇ ಇಲ್ಲ. 1959ರಲ್ಲಿ ಅವರನ್ನು ಕರೆಸಿಕೊಂಡದ್ದೂ ಸೂಲಗಿತ್ತಿಯರ ಶಾಲೆಗೇ ಅಲ್ಲವೇ. ಆ ಕೆಲಸ ಕೈಗೂಡಲು ಸುಮಾರು ಅರ್ಧ ಶತಮಾನ ಬೇಕಾಯಿತು.

ತೂತು ಬೀಳದಂತೆ ತಡೆಯಬಹುದು ಎಂಬುದಕ್ಕೆ ಇತಿಹಾಸದಲ್ಲೂ ಸಾಕ್ಷಿ ಇದೆ. ಅಮೆರಿಕದಲ್ಲಿ 1840ರ ದಶಕದಲ್ಲಿ ಮೇರಿಯನ್ ಸಿಮ್ಸ್ ಎಂಬ ವೈದ್ಯ ಫಿಸ್ಟುಲಾ ಮುಚ್ಚುವ ವಿಧಾನ ರೂಪಿಸಿದ. ಹೆಸರು ಅವನಿಗೆ ಬಂತು. ನೋವು ತಿಂದವರು ಅನಾರ್ಕಾ, ಬೆಟ್ಸಿ, ಲೂಸಿ ಮತ್ತು ಹೆಸರೂ ಉಳಿಯದ ಇತರ ಕಪ್ಪು ಗುಲಾಮ ಹೆಣ್ಣುಮಕ್ಕಳು. ಅರಿವಳಿಕೆ ಇಲ್ಲದೆ, ಬೇಡ ಅನ್ನುವ ಹಕ್ಕಿಲ್ಲದೆ ಅವರ ಮೈಮೇಲೆ ಪ್ರಯೋಗ ನಡೆಯಿತು. ಅನಾರ್ಕಾಳ ಮೇಲೆ ಸುಮಾರು ಮೂವತ್ತು ಸಲ. ಫಿಸ್ಟುಲಾ ಚಿಕಿತ್ಸೆಯ ಚರಿತ್ರೆ ಹೇಳುವವರು ಈ ಮೂವರ ಹೆಸರು ಹೇಳದೆ ಮುಂದೆ ಹೋಗಬಾರದು. 1855ರಲ್ಲಿ ಸಿಮ್ಸ್ ನ್ಯೂಯಾರ್ಕಿನಲ್ಲಿ ಇಂಥ ರೋಗಿಗಳಿಗಾಗಿ ಆಸ್ಪತ್ರೆ ತೆರೆದ. ಮುಂದೆ ಆ ಆಸ್ಪತ್ರೆ ಇದ್ದ ಜಾಗದಲ್ಲಿ ಇವತ್ತು ಭಾರೀ ಹೋಟೆಲ್ ನಿಂತಿದೆ. ಸಿಸೇರಿಯನ್ ಸುರಕ್ಷಿತವಾಗಿ, ಎಲ್ಲರ ಕೈಗೆ ಸಿಗುವಂತಾದ ಮೇಲೆ ಅಲ್ಲಿ ಫಿಸ್ಟುಲಾಕ್ಕೆಂದೇ ಆಸ್ಪತ್ರೆ ಬೇಕಾಗಲಿಲ್ಲ.

ಹಾಗಾದರೆ ನಮ್ಮ ಕರಾವಳಿ? ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ನಾಲ್ಕು ದೊಡ್ಡ ಹೊಳೆಗಳು ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಕಡಲಿಗೆ ಸೇರುತ್ತವೆ. ಸೇತುವೆಗಳು ಬರುವ ಮೊದಲು ಬೇನೆ ತಿನ್ನುವ ಹೆಂಗಸನ್ನು ತಾರಿ ದಾಟಿಸಬೇಕಿತ್ತು. ಮಳೆಗಾಲದ ರಾತ್ರಿ, ಹೊಳೆ ತುಂಬಿ, ದೋಣಿಯವನು ಹುಟ್ಟು ಹಾಕಲು ಒಪ್ಪದೆ, ದಂಡೆಯಲ್ಲೇ ಹೆತ್ತವರ, ದಂಡೆಯಲ್ಲೇ ಹೋದವರ ಕಥೆ ನಿಮ್ಮ ಮನೆಯ ಅಜ್ಜಿಯಂದಿರನ್ನು ಕೇಳಿದರೆ ಈಗಲೂ ಸಿಗುತ್ತದೆ. ಇವತ್ತು ಆ ಸ್ಥಿತಿ ಇಲ್ಲ. ಕರ್ನಾಟಕದಲ್ಲಿ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. 108 ಬಂತು, ಆಶಾ ಅಕ್ಕಂದಿರು ಬಂದರು. ಈ ಬದಲಾವಣೆಯನ್ನು ತಲೆಮೇಲೆ ಹೊತ್ತು ನಡೆಸಿದವರು ಈ ಸಭೆಯಲ್ಲೇ ಇದ್ದೀರಿ.

ಆದರೂ ಜೊಯಿಡಾದ ಕಾಡೂರುಗಳಲ್ಲಿ, ಅಂಕೋಲಾ, ಯಲ್ಲಾಪುರದ ಗುಡ್ಡದ ಮೇಲಿನ ಮನೆಗಳಲ್ಲಿ ಮಳೆಗಾಲಕ್ಕೆ ಗರ್ಭಿಣಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುವುದು ನಿಂತಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಆಗಸ್ಟಿನಲ್ಲಿ ಕಾಳಿಯ ಹಳೆಯ ಸೇತುವೆ ಮುರಿದು ಬಿತ್ತು. ಘಟ್ಟದ ರಸ್ತೆ ಮಳೆಗಾಲದಲ್ಲಿ ಯಾವಾಗ ಬಂದ್ ಆಗುತ್ತದೆ ಅಂತ ಹೇಳುವ ಹಾಗಿಲ್ಲ. ಗಂಭೀರ ರೋಗಿಯನ್ನು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಒಯ್ಯುವ ನಮ್ಮ ಜಿಲ್ಲೆಯಲ್ಲಿ ಸುಸಜ್ಜಿತ ಆಸ್ಪತ್ರೆ ಬೇಕು ಎಂಬ ಕೂಗು ಬಹಳ ವರ್ಷದ್ದು. ಅದು ನ್ಯಾಯವಾದ ಕೂಗು. ಹೆರಿಗೆಯ ವಿಷಯದಲ್ಲಿ ಸಮಯ ಅಂದರೆ ದೂರ, ದೂರ ಅಂದರೆ ರಸ್ತೆ. ರಸ್ತೆಯ ವಿಷಯ ಲೋಕೋಪಯೋಗಿ ಇಲಾಖೆಯದು ಅಂತ ವೈದ್ಯರು ಸುಮ್ಮನಿರುವಂತಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಹೆರಿಗೆಯ ಫಿಸ್ಟುಲಾ ಕಡಿಮೆಯಾದ ಕಡೆಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಗರ್ಭಕೋಶ ತೆಗೆಯುವ ಆಪರೇಷನ್ನಿನ ವೇಳೆ ಮೂತ್ರಕೋಶಕ್ಕೆ ಪೆಟ್ಟಾಗಿ ಬರುವ ಫಿಸ್ಟುಲಾ. ನಾನು ಸೇವೆಯಲ್ಲಿದ್ದಾಗ ಘಟ್ಟದ ಮೇಲಿನ ಒಬ್ಬ ಹೆಣ್ಣುಮಗಳು ಬಂದಿದ್ದಳು. ಎಲ್ಲೋ ಗರ್ಭಕೋಶ ತೆಗೆಸಿಕೊಂಡಿದ್ದಳು. ಆಮೇಲೆ ಸೋರಿಕೆ. ಮದುವೆ ಮುಂಜಿಗೆ ಹೋಗುವುದು ಬಿಟ್ಟಳು, ಬಸ್ಸು ಹತ್ತುವುದು ಬಿಟ್ಟಳು, ದೇವರ ಕೋಣೆಗೆ ಹೋಗುವುದನ್ನೂ ಬಿಟ್ಟಳು. ಮನೆಯವರು ‘ವಯಸ್ಸಾದ ಮೇಲೆ ಹೀಗೆಲ್ಲ ಆಗ್ತದೆ’ ಅಂದರಂತೆ. ಆಕೆಗೆ ನಲವತ್ತೂ ದಾಟಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದೆವು, ಸರಿಪಡಿಸಿದರು. ವಾಪಸು ಬಂದು ಅವಳು ಮೊದಲು ಕೇಳಿದ್ದು, ಇದಕ್ಕೆ ಮದ್ದಿದೆ ಅಂತ ಇಷ್ಟು ದಿನ ತನಗೆ ಯಾರೂ ಯಾಕೆ ಹೇಳಲಿಲ್ಲ ಅಂತ. ನನ್ನಲ್ಲಿ ಉತ್ತರ ಇರಲಿಲ್ಲ.

ಅದಕ್ಕೇ ಆಶಾ ಅಕ್ಕಂದಿರಲ್ಲಿ ನನ್ನ ಬೇಡಿಕೆ ಇದು. ಮನೆ ಭೇಟಿಗೆ ಹೋದಾಗ ಬಿ.ಪಿ., ಸಕ್ಕರೆ, ಕಬ್ಬಿಣದ ಮಾತ್ರೆ ಎಲ್ಲ ಕೇಳುತ್ತೀರಿ. ಹೆರಿಗೆಯಾದವಳನ್ನೂ ಗರ್ಭಕೋಶ ತೆಗೆಸಿಕೊಂಡವಳನ್ನೂ ಒಬ್ಬಳೇ ಇದ್ದಾಗ ಇನ್ನೊಂದು ಕೇಳಿ: ‘ಅಕ್ಕಾ, ಗೊತ್ತಾಗದ ಹಾಗೆ ನೀರು ಹೋಗ್ತದಾ, ಬಟ್ಟೆ ಒದ್ದೆಯಾಗ್ತದಾ?’ ಅತ್ತೆಯ ಎದುರು ಕೇಳಬೇಡಿ. ಮೊದಲ ಸಲ ಇಲ್ಲ ಅನ್ನುತ್ತಾಳೆ. ಮುಂದಿನ ಭೇಟಿಯಲ್ಲಿ ಮತ್ತೆ ಕೇಳಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆದಿಡುತ್ತೇನೆ.

ನಗುವವರೂ ಸೀನುವವರೂ ಸ್ವಲ್ಪ ಸೋರಿಸಿಕೊಳ್ಳುತ್ತಾರಲ್ಲ, ಅದೂ ಫಿಸ್ಟುಲಾವೇ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅಲ್ಲ. ಕೆಮ್ಮಿದಾಗ, ಭಾರ ಎತ್ತಿದಾಗ ಮಾತ್ರ ಸೋರುವುದು ಕಟಿಯ ಸ್ನಾಯುಗಳು ಸಡಿಲವಾದ್ದರಿಂದ. ಹೆರಿಗೆಯಾದವರಲ್ಲಿ ಅದು ತುಂಬಾ ಸಾಮಾನ್ಯ, ವ್ಯಾಯಾಮದಿಂದಲೇ ಬಹಳ ಜನರಿಗೆ ಕಡಿಮೆಯಾಗುತ್ತದೆ. ಫಿಸ್ಟುಲಾದಲ್ಲಿ ಬಿಡುವಿಲ್ಲದೆ ಸೋರುತ್ತದೆ, ನಿದ್ದೆಯಲ್ಲೂ. ಎರಡಕ್ಕೂ ಚಿಕಿತ್ಸೆ ಇದೆ, ಎರಡಕ್ಕೂ ವೈದ್ಯರ ಹತ್ತಿರ ಹೋಗಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾವು ಏನಾದರೂ ಮಾಡಬಹುದೇ ಅಂತ ಒಬ್ಬ ಸಿಸ್ಟರ್ ಕೇಳಿದರು. ಖಂಡಿತ ಮಾಡಬಹುದು. ಬಹಳ ಹೊತ್ತು ಸಿಕ್ಕಿಕೊಂಡ ಹೆರಿಗೆಯಾದ ಹೆಂಗಸು ಬಂದರೆ ಸೋರಿಕೆಗೆ ಕಾಯದೆ ಕ್ಯಾತಿಟರ್ ಹಾಕಿ. ಮೂತ್ರಕೋಶ ಖಾಲಿ ಇದ್ದರೆ ಒತ್ತಿಹೋದ ಪದರ ಚೇತರಿಸಿಕೊಳ್ಳಲು ಅವಕಾಶ ಸಿಗುತ್ತದೆ. ಹೊಸದಾಗಿ ಬಿದ್ದ ಸಣ್ಣ ತೂತಾಗಿದ್ದರೆ ಕೆಲವು ವಾರ ಕ್ಯಾತಿಟರ್ ಇಟ್ಟೇ ಆಪರೇಷನ್ ಇಲ್ಲದೆ ಕೂಡಿಕೊಂಡ ಉದಾಹರಣೆಗಳಿವೆ. ಚೆನ್ನಾಗಿ ನೀರು ಕುಡಿಸಿ. ನೀರು ಕುಡಿದರೆ ಸೋರುತ್ತದೆ ಅಂತ ಮನೆಯವರು ತಡೆದರೆ ಅವರಿಗೆ ತಿಳಿಸಿ ಹೇಳಿ. ಕೊಳವೆ ಮಡಚಿಕೊಂಡಿದೆಯೇ, ಚೀಲಕ್ಕೆ ಮೂತ್ರ ಇಳಿಯುತ್ತಿದೆಯೇ ಅಂತ ತಾಸಿಗೊಮ್ಮೆ ನೋಡಿ, ಪಾಳಿ ಬದಲಾಗುವಾಗ ಮುಂದಿನವರಿಗೆ ಬಾಯಿಮಾತಲ್ಲೂ ಹೇಳಿ, ಪುಸ್ತಕದಲ್ಲೂ ಬರೆದಿಡಿ.